ಓಲಗದ ನಂಜಯ್ಯನ ಹಲ್ಲು

"ಆರು ತಿಂಗಳು ಓಲಗ ಊದೋ ಹಾಗಿಲ್ಲ," ಅಂದುಬಿಟ್ಟರು ಚಾಮರಾಜನಗರದ ಹಲ್ಲಿನ ಡಾಕ್ಟರು.

ನಂಜಯ್ಯ ಬಾಯಿ ತೆರೆದುಕೊಂಡೇ ತಲೆಯಾಡಿಸಿದ. ಸೈಕಲ್ಲಿನಿಂದ ಬಿದ್ದು ಮೇಲಿನ ಎರಡು ಹಲ್ಲು ಕಳಕೊಂಡ ಮೇಲೆ ಹಾಕಿ ತೆಗೆಯುವ ಹಲ್ಲು ಕಟ್ಟಿಸಿಕೊಂಡಿದ್ದ. ಊಟಕ್ಕೆ, ಮಾತಿಗೆ ಅದು ಪರವಾಗಿಲ್ಲ. ಓಲಗಕ್ಕೆ ಮಾತ್ರ ಬಗ್ಗಲಿಲ್ಲ. ತುಟಿ ಬಿಗಿದು ಉಸಿರು ಕೊಟ್ಟರೆ ಸಾಕು, ಜಾರಿ ನಾಲಿಗೆಯ ಮೇಲೆ ಬಂದು ಕೂರುತ್ತಿತ್ತು. ಈಗ ದವಡೆಯ ಮೂಳೆಗೇ ತಿರುಪು ಕೂರಿಸಿ, ಅದರ ಮೇಲೆ ಹಲ್ಲು ನಿಲ್ಲಿಸುವ ಹೊಸ ವಿದ್ಯೆ ಬಂದಿದೆಯಂತೆ. ಮೂಳೆ ತಿರುಪನ್ನು ಹಿಡಿದುಕೊಳ್ಳುವ ತನಕ ಊದಬಾರದು.

"ಇಡ್ಕೊಳ್ದೇ ಓದ್ರೆ, ಸಾ?"

"ಬೀಡಿ ಬಿಟ್ಟರೆ ಬಹುಪಾಲು ಹಿಡಿಯುತ್ತೆ. ಖಾತ್ರಿ ಕೊಡಲಾರೆ. ಮನೆಯಲ್ಲಿ ಮಾತಾಡಿಕೊಂಡು ಬನ್ನಿ."

ಗುಂಡ್ಲುಪೇಟೆ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತವನಿಗೆ ತೆರಕಣಾಂಬಿ ದಾಟಿದ್ದೂ ತಿಳಿಯಲಿಲ್ಲ. ಅರಿಸಿನದ ಹೊಲಗಳು ತೇಲುತ್ತ ಹಿಂದೆ ಹೋಗುತ್ತಿದ್ದವು. ಆ ಹಸಿರಿನ ಮೇಲೆಲ್ಲ ಚಪ್ಪರ ಹಾಕಿದ ಹಾಗೆ, ಮಗಳು ಭಾನು ಹಸೆಮಣೆಯ ಮೇಲೆ ನಿಂತ ಹಾಗೆ, ತಾನು ಕಣ್ಣು ಮುಚ್ಚಿ ಆನಂದಭೈರವಿ ಊದುತ್ತಿರುವ ಹಾಗೆ ಕಾಣುತ್ತಿತ್ತು. ಅವಳ ಮದುವೆಗೆ ಉಳಿದಿರುವುದು ಮೂರೇ ತಿಂಗಳು. ಕಂಡವರ ಮಕ್ಕಳಿಗೆಲ್ಲ ಗಟ್ಟಿಮೇಳ ಊದಿ, ಹೆತ್ತ ಮಗಳ ಮುಹೂರ್ತಕ್ಕೆ ಬಾಯಿ ಮುಚ್ಚಿಕೊಂಡು ಕೂರುವುದೇ? ತಿರುಪೂ ಬೇಡ, ಗಿರುಪೂ ಬೇಡ, ಬೋಡುಬಾಯಲ್ಲೇ ಬಂದಷ್ಟು ಊದಿಬಿಡುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡ.

ಮನೆಯಲ್ಲಿ ಹೆಂಡತಿ ಚಿಕ್ಕನಿಂಗಮ್ಮ ಅವರೆಕಾಳು ಹಿಸುಕುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಅಲ್ಲಾ, ಮೂರ್ತದಲ್ಲಿ ನೀನು ಓಲಗ ಊದ್ಕಂಡು ಮೂಲೇಲಿ ಕೂತ್ಕಂಡ್ರೆ ದಾರೆ ಎರೆಯೋರ್ಯಾರು? ನಿನ್ ತಮ್ಮ ರಾಜಣ್ಣನ್ನ ಅಪ್ಪ ಅಂತ ನಿಲ್ಸನಾ?"

ನಂಜಯ್ಯ ಪಿಳಿಪಿಳಿ ಕಣ್ಣು ಬಿಟ್ಟ. ಇಷ್ಟು ವರ್ಷವೂ ಚಪ್ಪರದ ಮೂಲೆಯಿಂದಲೇ ಮದುವೆ ನೋಡಿದ ಆಸಾಮಿ. ಹೆಣ್ಣಿನ ಅಪ್ಪ ಎಲ್ಲಿ ನಿಲ್ಲಬೇಕೆನ್ನುವುದು ಅವನಿಗೆ ಹೊಳೆದೇ ಇರಲಿಲ್ಲ. ಒಳಗೆ ಭಾನು ಕಿಸಕ್ಕನೆ ನಕ್ಕಳು. ಅವನಿಗೆ ನಾಚಿಕೆಯಾಯಿತು, ದುಃಖವೂ ಆಯಿತು.

"ಓಗಿ ತಿರುಪು ಹಾಕುಸ್ಕೊ," ಅಂದಳು ಚಿಕ್ಕನಿಂಗಮ್ಮ ಮೆತ್ತಗೆ. "ಮದ್ವೆಗೆ ರಾಜಣ್ಣ ಊದ್ಲಿ. ಮೊಮ್ಮಕ್ಳ ನಾಮಕರಣಕ್ಕೆ ನೀನು ಊದೀಯೆ ಬುಡು."

ಮುಹೂರ್ತದ ದಿನ ತಿರುಪು ಅವನ ದವಡೆಯೊಳಗೆ ತೆಪ್ಪಗೆ ಕೂತಿತ್ತು. ಮೂಳೆ ಅದನ್ನು ಹಿಡಿದಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಳಿಯನ ಕೈ, ಮಗಳ ಕೈ, ಮೇಲೊಂದು ತೆಂಗಿನಕಾಯಿ. ನಂಜಯ್ಯ ಹಾಲಿನ ಚೊಂಬು ಬಗ್ಗಿಸಿದ. "ಗಟ್ಟಿಮೇಳ, ಗಟ್ಟಿಮೇಳ" ಎಂದು ಯಾರೋ ಕೂಗಿದರು. ರಾಜಣ್ಣ ಎತ್ತಿದ ಸ್ವರ ಮೂಲೆಯಿಂದ ಹೊರಟು ನೇರ ಬಂದು ಎದೆಗೆ ಬಿತ್ತು. ಇಲ್ಲಿ ನಿಂತವರಿಗೆ ಅದು ಹೀಗೆ ಕೇಳಿಸುತ್ತದೆಂದು ಅವನಿಗೆ ಇದುವರೆಗೆ ತಿಳಿದಿರಲಿಲ್ಲ.

ಹಾಲು ಸಣ್ಣ ಎಳೆಯಾಗಿ ಇಳಿಯುತ್ತಿತ್ತು. ಚೊಂಬಿನ ಕಂಠದ ಮೇಲೆ ಅವನ ಬೆರಳುಗಳು ಒಂದೊಂದಾಗಿ ಏಳುತ್ತಿದ್ದವು, ಕೂರುತ್ತಿದ್ದವು. ಭಾನು ತಗ್ಗಿಸಿದ ತಲೆ ಎತ್ತದೆ ಆ ಬೆರಳುಗಳನ್ನೇ ನೋಡುತ್ತಿದ್ದಳು.