ಕೈ ಒತ್ತಿದವರು

“ಹೆಣ ಅಂಗನವಾಡಿ ಮುಂದಿಂದ ಹೋಗಕೂಡ್ದು ಅಂದ್ರೆ ಹೋಗಕೂಡ್ದು. ಮಕ್ಕಳು ಉಣ್ಣೋ ಜಾಗ ಅದು. ನಿಂಗೆ ಒಂದ್ಸಲ ಏಳಿದ್ರೆ ತಿಳಿಯಾಕಿಲ್ವಾ?”

“ಹೆಣ ಅನ್ಬ್ಯಾಡಿ ಚನ್ನಪ್ಪಣ್ಣ” ಎಂದಳು ಸಣ್ಣಕ್ಕ.

“ಇನ್ನೇನಂತ ಕರೀಲಿ?”

“ನೆನ್ನೆ ಮಧ್ಯಾಹ್ನದಗಂಟ ಏನಂತಿದ್ರೋ ಅಂಗೇ ಅನ್ನಿ. ಮೇಡಮ್ಮೋರು ಅನ್ನಿ. ನಿಮ್ಮ ಮೂರೂ ಮಕ್ಕಳ ಮೂಗು ಒರೆಸಿದ ಕೈ ಅದು.”

ಊರಿನ ಸಾವುಗಳನ್ನೆಲ್ಲ ಮುಂದೆ ನಿಂತು ಸಾಗಿಸುವ ಚನ್ನಪ್ಪನಿಗೆ ಎದುರುಮಾತು ಕೇಳಿ ರೂಢಿಯಿರಲಿಲ್ಲ. ಹೆಗಲ ಟವೆಲು ಕೊಡವಿ, “ಸೂತಕ ಅಂತ ಒಂದೈತೆ” ಎಂದ.

“ನಿಮ್ಮತ್ತಿಗೆ ತೀರ್ಕೊಂಡ ಮಾರನೇ ಬೆಳಿಗ್ಗೇನೇ ಡೈರಿಗೆ ಹಾಲು ಹಾಕಿದ್ರಿ. ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂತ ಇದೇ ಬಾಯಲ್ಲಿ ಏಳಿದ್ರಿ. ಹಾಲಿಗೆ ಇಲ್ಲದ ಸೂತಕ ಮಕ್ಕಳಿಗೆ ಎಲ್ಲಿಂದ ಬತ್ತು?”

ಚಪ್ಪರದ ಕೆಳಗೆ ಯಾರೋ ನಗು ತಡೆಯಲು ಕೆಮ್ಮಿದರು.

ಜಗಲಿಯ ಗೋಡೆಗೆ ಒರಗಿ ಕಮಲಾಕ್ಷಮ್ಮ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅವರ ಜನ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಎಡಗೈಯಲ್ಲಿ ಲಿಂಗ, ಬಲಗೈ ಮಂಡಿಯ ಮೇಲೆ, ಹಣೆ ತೋಳಿಗೆಲ್ಲ ವಿಭೂತಿ. ರಾತ್ರಿಯಿಡೀ ಕಣ್ಣು ಮುಚ್ಚದ ಸಣ್ಣಕ್ಕನಿಗೆ ಎಲ್ಲವೂ ಮಂಜಿನೊಳಗಿಂದ ಕಂಡಂತೆ ಕಾಣುತ್ತಿತ್ತು. ಇಪ್ಪತ್ತೆರಡು ವರ್ಷ ಅವರ ಅಂಗನವಾಡಿಯಲ್ಲಿ ಅಡುಗೆ ಮಾಡಿದವಳು ಅವಳು. ದಿನಾ ಬೆಳಿಗ್ಗೆ ಚಾಪೆಯ ಮೇಲೆ ಮೇಡಮ್ಮು ಕೂರುತ್ತಿದ್ದದ್ದು ಹೀಗೆಯೇ. ಕುರ್ಚಿಯೊಂದಿತ್ತು, ಅದರ ಮೇಲೆ ಅಕ್ಕಿ ಮೂಟೆ ಇರುತ್ತಿತ್ತು.

ಮಗ ಕಾಂತರಾಜು ಕಂಬದ ಪಕ್ಕದಿಂದ ಎದ್ದು ಬಂದ. ಹಾಸನದಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಅವನದು.

“ಬದುಕಿದ್ದಾಗ್ಲೂ ಅಂಗನವಾಡಿ, ಇವತ್ತೂ ಅಂಗನವಾಡಿ. ಒಂದಿನಾದ್ರೂ ನಮ್ಮವ್ವ ನಮ್ಮವ್ವ ಆಗಿರ್ಲಿ ಬಿಡು ಸಣ್ಣಕ್ಕ.”

“ಆಗ್ಲಿ ಕಣಪ್ಪ. ಆದ್ರೆ ಒಂದು ಮಗೀನ ಕಳಿಸ್ದೆ ಹೋಗವ್ರೆ. ಅದನ್ನ ಕಳಿಸಿದ್ ಮ್ಯಾಲೆ ಪೂರಾ ನಿನ್ನೋರೇ.”

“ಯಾವ ಮಗು?”

ಜನರ ಹಿಂದೆ ನಿಂತಿದ್ದ ರಜನೀಶ್ ತಲೆ ತಗ್ಗಿಸಿದ. “ನನ್ ಮಗಳು ಪ್ರೇಕ್ಷಾ. ನೆನ್ನೆ ಸಂಜೆ ಅಂಗನವಾಡಿಯಿಂದ ಎತ್ಕೊಂಡ್ ಬಂದೆ, ರಾತ್ರಿಯೆಲ್ಲ ಅತ್ತಳು. ಬೆಳಕು ಹರಿಯೋಕ್ಮುಂಚೆ ತಿರುಗಾ ಅಲ್ಲೇ ಹೋಗಿ ಕೂತವ್ಳೆ. ಮೇಡಮ್ಮೋರೇ ಇಲ್ಲ ಅಂದ್ಮೇಲೆ ಇನ್ನೆಲ್ಲಿಗೆ ಕಳಿಸ್ಲಿ? ಇವತ್ತಿಂದ ಮನೇಲೇ ಇರ್ತಾಳೆ.”

ಮನೇಲೇ ಅಂದರೆ ಏನು ಅಂತ ಸಣ್ಣಕ್ಕನಿಗೆ ಗೊತ್ತಿತ್ತು.

*

ಪ್ರೇಕ್ಷಾ ಮೊದಲ ದಿನ ಬಂದಾಗ ಮೂರು ವರ್ಷ. ಮಾತಿಲ್ಲ. ಕರೆದರೆ ತಿರುಗುವುದಿಲ್ಲ. ತುದಿಗಾಲಲ್ಲಿ ನಡೆಯುತ್ತಾಳೆ. ಎಲ್ಲಿಯಾದರೂ ಹೋಗಿಬಿಟ್ಟಾಳು ಎಂದು ಮನೆಯಲ್ಲಿ ಅವಳ ಕಾಲನ್ನು ಹಳೇ ಟವೆಲಿನಿಂದ ಮಂಚದ ಕಾಲಿಗೆ ಕಟ್ಟುತ್ತಿದ್ದರು. ಅವತ್ತು ಬೇಳೆಯ ಕುಕ್ಕರು ಕೂಗಿದ್ದೇ ತಡ, ಮಗು ಎರಡೂ ಕಿವಿ ಮುಚ್ಚಿಕೊಂಡು ತಲೆಯನ್ನು ಗೋಡೆಗೆ ಚಚ್ಚತೊಡಗಿತು.

ಕಮಲಾಕ್ಷಮ್ಮ ಮಗುವನ್ನು ಹಿಡಿಯಲು ಓಡಲಿಲ್ಲ. ಒಲೆಗೆ ಓಡಿದರು. ಆರಿಸಿ, ಕುಕ್ಕರಿನ ವೆಯ್ಟು ತೆಗೆದು, ದಾರ ಕಟ್ಟಿ ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದರು.

“ಇನ್ಮೇಲೆ ಪಾತ್ರೇಲಿ ಬೇಯ್ಸು ಸಣ್ಣಕ್ಕ.”

“ಒಂದು ಮಗೀಗೋಸ್ಕರ ಇಪ್ಪತ್ತು ಮಕ್ಕಳು ಕಾಯ್ಬೇಕಾ?”

“ಮಕ್ಕಳು ಕಾಯ್ತವೆ. ತಡ್ಕೊಳ್ಳಕ್ಕಾಗದೆ ಇರೋಳು ನೀನೊಬ್ಳೇ.”

ಸದ್ದಡಗಿದ ಮೇಲೆ ಮಗು ನೆಲಕ್ಕೊರಗಿದ ಕಡೆ ತಾವೂ ಮಲಗಿಬಿಟ್ಟರು. ಸೂರಿನ ಗಾಜಿನ ಹೆಂಚಿನಿಂದ ರೊಟ್ಟಿಯಗಲದ ಬಿಸಿಲ ಬಿಲ್ಲೆಯೊಂದು ನೆಲಕ್ಕೆ ಬಿದ್ದಿತ್ತು. ಮಗು ಅದನ್ನೇ ನೋಡುತ್ತಿತ್ತು. ಅವರೂ ನೋಡಿದರು. ಒಂದೊಂದಾಗಿ ಉಳಿದ ಮಕ್ಕಳೂ ಬಂದು ಕೆನ್ನೆ ನೆಲಕ್ಕೊತ್ತಿ ಮಲಗಿದವು. ಕೆರೆಯ ತಳದಲ್ಲಿ ಮೀನುಗಳು ನಿಂತ ಹಾಗೆ ಕೋಣೆ ಸದ್ದಿಲ್ಲದೆ ನಿಂತಿತು. ಬಿಲ್ಲೆ ತೆವಳುತ್ತ ತೆವಳುತ್ತ ಹೊಸ್ತಿಲ ಕಡೆಗೆ ಹೋಯಿತು. ಅದು ಹೊಸ್ತಿಲು ಮುಟ್ಟಿದರೆ ಊಟದ ಹೊತ್ತು ಅಂತ ಅವತ್ತಿನಿಂದ ಲೆಕ್ಕವಾಯಿತು.

ಮನೆಗೆ ಹೋಗುವಾಗ ಮೇಡಮ್ಮು ಅಂಗೈ ಎತ್ತಿ ಹಿಡಿಯುತ್ತಿದ್ದರು. ಪ್ರತಿ ಮಗುವೂ ಅದಕ್ಕೆ ಅಂಗೈ ತಾಗಿಸಿ ಹೊರಡಬೇಕು. ಪ್ರೇಕ್ಷಾ ಅದನ್ನು ಕಲಿಯಲು ಹನ್ನೊಂದು ತಿಂಗಳು ತೆಗೆದುಕೊಂಡಳು. ಕಲಿತ ಮೇಲೆ, ಅದು ಆಗದೆ ಯಾರು ಎಳೆದರೂ ಜಾಗ ಬಿಟ್ಟು ಏಳುತ್ತಿರಲಿಲ್ಲ. ನಿನ್ನೆ ಮಧ್ಯಾಹ್ನ ಸಾರು ಬಡಿಸುತ್ತಿದ್ದ ಕಮಲಾಕ್ಷಮ್ಮ ಸೌಟು ಹಿಡಿದೇ ಕುಸಿದರು. ಆ ಗಲಾಟೆಯಲ್ಲಿ ಕೈ ಎತ್ತುವವರಿರಲಿಲ್ಲ.

*

ಇನ್ನೊಂದು ಪದ್ಧತಿಯೂ ಇತ್ತು. ಅಂಗನವಾಡಿಯ ಬಾಗಿಲ ಪಕ್ಕದ ಗೋಡೆಗೆ ಕೆಮ್ಮಣ್ಣು ಬಳಿದಿತ್ತು. ಒಂದನೇ ಕ್ಲಾಸಿಗೆ ಹೋಗುವ ಮಗು ಸುಣ್ಣದಲ್ಲಿ ಕೈ ಅದ್ದಿ ಅದರ ಮೇಲೆ ಒತ್ತಬೇಕು. ಒತ್ತಿ, ಹಿಂದೆ ನೋಡದೆ ರಸ್ತೆ ದಾಟಿ ಎದುರಿನ ಸ್ಕೂಲಿಗೆ ಹೋಗಿಬಿಡಬೇಕು. ಕೈ ಒತ್ತಿದವರು ತಿರುಗಿ ಬರುವಂತಿಲ್ಲ.

ಪ್ರೇಕ್ಷಾಗೆ ಏಳು ತುಂಬಿತ್ತು. ಸ್ಕೂಲಿನ ಹೆಡ್‌ಮೇಷ್ಟ್ರು ಯಾವತ್ತೋ ಒಪ್ಪಿ ಹೆಸರು ಬರೆದುಕೊಂಡಿದ್ದರು. ಒಪ್ಪದವರು ಕಮಲಾಕ್ಷಮ್ಮನೇ.

“ಅಷ್ಟು ಗದ್ದಲದಲ್ಲಿ ಅವಳನ್ನ ಯಾರು ನೋಡ್ಕೋತಾರೆ? ಬರೋ ವರ್ಷ ಒತ್ತಿಸೋಣ.”

“ಹೋದ್ ವರ್ಷಾನೂ ಇದೇ ಅಂದ್ರಿ. ಮಗು ಕಲಿಯೋದೆಲ್ಲ ಕಲೀತು. ಬಿಡೋದ್ನ ನೀವೇ ಕಲೀನಿಲ್ಲ” ಎಂದಿದ್ದಳು ಸಣ್ಣಕ್ಕ, ಪಾತ್ರೆ ಕುಕ್ಕಿ.

ಎರಡು ದಿನ ಮಾತಿರಲಿಲ್ಲ. ಮೂರನೇ ದಿನ ಆ ವರ್ಷದ ಮಕ್ಕಳು ಕೈ ಒತ್ತಿ ಹೋದ ಮೇಲೆ ನೋಡಿದರೆ, ಗೋಡೆಯ ಕೊನೇ ಸಾಲಿನಲ್ಲಿ ಎರಡು ಕೈಗಳ ನಡುವೆ ಒಂದು ಅಂಗೈಯಗಲದ ಜಾಗವನ್ನು ಮೇಡಮ್ಮು ಖಾಲಿ ಉಳಿಸಿದ್ದರು.

*

“ಎಷ್ಟೊತ್ತು ಹಿಡೀತದೆ?” ಕಾಂತರಾಜು ಕೇಳಿದ.

“ಒಂದು ಕೈ ಒತ್ತೋವಷ್ಟು.”

ಅವನು ಅವ್ವನ ಮುಖ ನೋಡಿದ. ಚನ್ನಪ್ಪನ ಮುಖ ನೋಡಲಿಲ್ಲ. “ಹೊರಿ” ಎಂದ.

ಬಾಳೆಕಂದು ಕಟ್ಟಿದ ಮಂಟಪದಲ್ಲಿ ಕಮಲಾಕ್ಷಮ್ಮ ಕೂತು ಹೊರಟರು. ಮುಂದೆ ಶಂಖ, ಜಾಗಟೆ. ಮಾಗಿಯ ಮಂಜು ತೆಂಗಿನ ಮರಗಳ ಸೊಂಟದವರೆಗೆ ನಿಂತಿತ್ತು. ಅದರಲ್ಲಿ ಮಂಟಪ ಯಾರ ಹೆಗಲ ಮೇಲೂ ಇಲ್ಲದಂತೆ ತೇಲುತ್ತಿತ್ತು. ಡೈರಿ ದಾಟುತ್ತಲೇ ಸಣ್ಣಕ್ಕ ಓಡಿ ಮುಂದೆ ಹೋಗಿ ಜಾಗಟೆಯವನ ಕೈ ಹಿಡಿದಳು.

“ಇಲ್ಲಿಂದ ಸದ್ದು ಬ್ಯಾಡ.”

“ವಾದ್ಯ ನಿಲ್ಲಿಸ್ಬಾರ್ದು ಕಣಮ್ಮ.”

“ನಾಕು ವರ್ಷ ಕುಕ್ಕರೇ ನಿಲ್ಸಿದೀವಿ. ನಿಂದೇನ್ಲಾ ದೊಡ್ಡದು?”

ಜಾಗಟೆಯೂ ಶಂಖವೂ ನಿಂತವು. ಅಂಗನವಾಡಿಯ ಮುಂದೆ ಮಂಟಪವನ್ನು ನೆಲಕ್ಕಿಳಿಸಿದರು. ರಸ್ತೆಯಾಚೆ ಸ್ಕೂಲಿನ ಗೇಟಿನ ಹತ್ತಿರ ಹೆಡ್‌ಮೇಷ್ಟ್ರು ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ಕೈ ಮುಗಿದು ನಿಂತಿದ್ದರು.

ಪ್ರೇಕ್ಷಾ ತಾನಾಗಿಯೇ ಹೊರಬಂದಳು. ತುದಿಗಾಲಲ್ಲಿ ಬಂದು ಮಂಟಪದ ಮುಂದೆ ನಿಂತಳು. ಎಂದಿನ ಹಾಗೆ ಮೇಡಮ್ಮೋರ ಮುಖ ಅವಳ ಮುಖದ ಎತ್ತರಕ್ಕೇ ಇತ್ತು. ಮಗು ಆ ಮುಖ ನೋಡಲಿಲ್ಲ, ಮಂಡಿಯ ಮೇಲಿನ ಬಲಗೈ ನೋಡಿತು. ಕಾಯಿತು. ಕೈ ಏಳಲಿಲ್ಲ. ಮಗುವಿನ ಬೆರಳುಗಳು ಗಾಳಿಯಲ್ಲಿ ಅದುರತೊಡಗಿದವು, ಅಳುವಿಗೆ ಮುಂಚೆ ಅದುರುವ ಹಾಗೆ.

ಕಾಂತರಾಜು ಮಂಡಿಯೂರಿ ಕೂತ. ಅವ್ವನ ಮಣಿಕಟ್ಟಿನ ಕೆಳಗೆ ತನ್ನ ಕೈ ಕೊಟ್ಟು, ಸೆಟೆದ ತೋಳನ್ನು ಮೆಲ್ಲಗೆ, ಬಹಳ ಮೆಲ್ಲಗೆ ಎತ್ತಿ ಹಿಡಿದ. ಹೊರಡುವಾಗ ಹಚ್ಚಿದ ವಿಭೂತಿ ಅಂಗೈಯಲ್ಲಿ ಇನ್ನೂ ಹಸಿಯಾಗಿತ್ತು.

ಪ್ರೇಕ್ಷಾ ತನ್ನ ಅಂಗೈ ತಾಗಿಸಿದಳು. ಎಂದಿಗಿಂತ ತುಸು ಹೆಚ್ಚು ಹೊತ್ತು ಇಟ್ಟಳೋ, ಸಣ್ಣಕ್ಕನಿಗೆ ಹಾಗೆ ಕಂಡಿತೋ. ಆಮೇಲೆ ತನ್ನ ಕೈಗೆ ಅಂಟಿದ್ದನ್ನು ನೋಡಿಕೊಂಡಳು. ನಾಲ್ಕು ವರ್ಷ ಬೇರೆ ಮಕ್ಕಳು ಮಾಡಿದ್ದನ್ನು ಮೂಲೆಯಿಂದ ನೋಡಿದ್ದವಳು ಸೀದಾ ಗೋಡೆಯ ಹತ್ತಿರ ಹೋಗಿ, ಕೊನೇ ಸಾಲಿನ ಖಾಲಿ ಜಾಗ ಹುಡುಕಿ, ಒತ್ತಿದಳು. ಒತ್ತಿ, ಹಿಂದೆ ನೋಡದೆ ರಸ್ತೆಗಿಳಿದಳು.

“ಪ್ರೇಕ್ಷಾ” ಎನ್ನುತ್ತ ರಜನೀಶ್ ಹೆಜ್ಜೆ ಎತ್ತಿದ. ಸಣ್ಣಕ್ಕ ಅಡ್ಡ ನಿಂತಳು.

“ಕರೀಬ್ಯಾಡ ಕಣ್ಲಾ. ಮ್ಯಾಲಿನ ಸಾಲಲ್ಲಿ ನಿನ್ ಕೈಯೂ ಐತೆ. ನೀನೇನು ತಿರುಗಿ ಬಂದಿದ್ಯಾ?”

ಅವನ ಕಾಲು ನಿಂತಿತು. ರಸ್ತೆಯಾಚೆ ಮಕ್ಕಳ ಸಾಲು ಎರಡಾಗಿ ಸರಿದು ದಾರಿ ಬಿಟ್ಟಿತು. ಗೇಟಿನೊಳಗೆ, ಮಂಜಿನೊಳಗೆ, ತುದಿಗಾಲಿನ ಆ ನಡಿಗೆ ಹೋಯಿತು.

ಮಣ್ಣು ಕೊಟ್ಟು ಸಣ್ಣಕ್ಕ ತಿರುಗಿ ಬರುವಾಗ ಬಿಸಿಲು ಬಂದಿತ್ತು. ಅಂಗನವಾಡಿಯ ಮೆಟ್ಟಿಲ ಮೇಲೆ ಕೂತಳು. ಸ್ಕೂಲಿನ ಗೇಟಿನಿಂದ ಯಾರೂ ಈಚೆ ಬರಲಿಲ್ಲ. ಗೋಡೆಯ ಕೊನೇ ಸಾಲಿನಲ್ಲಿ, ಒತ್ತಿದಾಗ ಬರೀ ಒದ್ದೆಯಾಗಿ ಕಂಡಿದ್ದ ಜಾಗ ಈಗ ಒಣಗುತ್ತಿತ್ತು. ಮೊದಲು ಹೆಬ್ಬೆರಳು, ಆಮೇಲೆ ಅಂಗೈ, ಆಮೇಲೆ ಒಂದೊಂದೇ ಬೆರಳು ಬೆಳ್ಳಗೆ ಮೂಡಿಬರುತ್ತಿದ್ದವು.