ಬಲೂನಿನ ಗಡ್ಡ

ಬೆಳಗ್ಗೆ ಕೈ ನಡುಗುತ್ತದೆಂದು ಕ್ಷೌರಿಕ ಎರಡು ಗುಟುಕು ಏರಿಸಿಯೇ ಕತ್ತಿ ಹಿಡಿಯುತ್ತಿದ್ದ. ಕುಡಿದರೆ ಕೈ ನಿಲ್ಲುತ್ತದೆ, ಇದಕ್ಕಿಂತ ಒಳ್ಳೆಯ ಮದ್ದು ಬೇಕೆ ಎಂಬುದು ಅವನ ವಾದ. ಕಣ್ಣು ಹಳದಿಯಾಗಿ ಹೊಟ್ಟೆ ಊದಿಕೊಂಡಾಗ ಹೆಂಡತಿ ಅವನನ್ನು ಡಾಕ್ಟರ ಮುಂದೆ ಕೂರಿಸಿದಳು.

"ಲಿವರ್ ಕೆಟ್ಟು ಕೂತಿದೆ. ಆ ನಡುಕ ಕೊಟ್ಟಿದ್ದೇ ಕುಡಿತ ಕಣಯ್ಯ! ಬೆಂಕಿ ಹಚ್ಚಿದವನನ್ನೇ ಆರಿಸೋಕೆ ಕರೀತಿದ್ದೀಯ," ಎಂದು ಡಾಕ್ಟರು ಗದರಿದರು. "ಏಕಾಏಕಿ ಬಿಟ್ಟರೂ ಅಪಾಯ. ಇಲ್ಲೇ ಅಡ್ಮಿಟ್ ಆಗಿ ಕುಡಿತ ಬಿಡು."

ಅವನು ಬಿಟ್ಟ. ಆದರೆ ಅಂಗಡಿಗೆ ಮರಳಿದರೆ, ಗಿರಾಕಿಗಳು ಕೂದಲಿಗಷ್ಟೇ ತಲೆ ಒಡ್ಡಿದರು. ಗಡ್ಡ ಎಂದರೆ, "ಮನೇಲೇ ಮಾಡ್ಕೋತೀನಿ ಬಿಡಣ್ಣ," ಎಂದು ಜಾರಿಕೊಂಡರು. ಛಲ ಹಿಡಿದ ಅವನು ದಿನವೂ ಕತ್ತಿ ಮಸೆದು, ಊದಿದ ಬಲೂನಿಗೆ ನೊರೆ ಬಳಿದು ಬೋಳಿಸತೊಡಗಿದ. ಮೊದಮೊದಲು ಎಲ್ಲವೂ ಢಮ್ಮೆಂದವು; ಬರಬರುತ್ತ ಅಂಗಡಿಯ ತುಂಬ ಒಡೆಯದ ಬಲೂನುಗಳೇ ತೂಗಾಡಿದವು.

ಒಂದು ಮಧ್ಯಾಹ್ನ ಅದೇ ಡಾಕ್ಟರು ಬಂದು, ಬಲೂನುಗಳನ್ನು ನೋಡಿ ನಕ್ಕು, ಕುರ್ಚಿಗೊರಗಿ ಗಲ್ಲ ಎತ್ತಿದರು. "ಗಡ್ಡ ಮಾಡಯ್ಯ."

ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಉಸಿರು ಬಿಗಿಹಿಡಿದರು. ಕತ್ತಿ ಗಂಟಲಿನ ಮೇಲೆ ಸರಾಗವಾಗಿ ಇಳಿಯಿತು. ಎರಡನೆಯ ಕೆನ್ನೆಗೆ ಬರುವಷ್ಟರಲ್ಲಿ ಡಾಕ್ಟರು ಗೊರಕೆ ಹೊಡೆಯುತ್ತಿದ್ದರು.

ಕ್ಷೌರಿಕ ಬೆಂಚಿನತ್ತ ತಿರುಗಿದ. "ಉಸಿರು ಬಿಡ್ರಯ್ಯ. ಆದ್ರೆ ಮೆಲ್ಲಗೆ, ಡಾಕ್ಟ್ರಿಗೆ ಎಚ್ಚರ ಆದೀತು."