ಬಾಟಲಿಗೂ ಮುಂಚೆ

ಮಗುವಿಗೆ ಏಳು ವಾರ. ಅಂಗುಳಿನ ನಡುವೆ ಸೀಳು. ತುಟಿಯನ್ನು ಭಗವಂತ ತಿದ್ದಿ ತೀಡಿದ್ದರಿಂದ ಹುಟ್ಟಿದಾಗ ಯಾರಿಗೂ ತಿಳಿಯಲಿಲ್ಲ. ಕುಡಿದ ಹಾಲು ಮೂಗಿನಲ್ಲಿ ಇಳಿದಾಗಲೇ ತಿಳಿದದ್ದು.

ಅತ್ತೆ ಮೊಮ್ಮಗನನ್ನು ಗುಂಡಣ್ಣ ಎಂದು ಕರೆಯುತ್ತಿದ್ದರು.

"ಮೂಳೆ ಚಕ್ಕಳ ಆಗಿರೋನಿಗೆ ಗುಂಡಣ್ಣ ಅಂತೀರಲ್ಲ ಅತ್ತೆ," ಎಂದಳು ತಾಯಿ.

"ಕರೀತಾ ಇರೋಣ ಕಣೇ. ನಾಚಿಕೆಗಾದ್ರೂ ದಪ್ಪ ಆಗ್ತಾನೆ."

ಇಂಥ ಮಕ್ಕಳಿಗೆ ಹಾಲು ಕುಡಿಸುವುದನ್ನು ಕಲಿಸುವ ಸಿಸ್ಟರ್ ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿದ್ದರು. ಪ್ರತಿ ಗುರುವಾರ ತೂಕ. ಈ ಸಲವೂ ತಕ್ಕಡಿಯ ಮುಳ್ಳು ಹೋದ ವಾರದ ಗೆರೆಯಲ್ಲೇ ನಿಂತಿತು.

"ಮುಂದಿನ ವಾರವೂ ಹೀಗೇ ಆದ್ರೆ ಮೂಗಿಂದ ಹೊಟ್ಟೆಗೆ ನಳಿಗೆ ಹಾಕ್ಬೇಕಾಗತ್ತಮ್ಮ. ಕೂರಿಸಿಕೊಂಡೇ ಕುಡಿಸ್ತೀರಾ?"

"ಹೂಂ ಸಿಸ್ಟರ್."

"ಅವನು ಚೀಪಿದಾಗ ಮಾತ್ರ ಬಾಟಲಿ ಅದುಮ್ತೀರಾ? ನಡುನಡುವೆ ತೇಗಿಸ್ತೀರಾ?"

"ಹೂಂ."

"ಮತ್ತೆ ಹಾಲೆಲ್ಲ ಯಾರ ಹೊಟ್ಟೆಗೆ ಹೋಗ್ತಿದೆ, ಅಜ್ಜಿ ಹೊಟ್ಟೆಗಾ?"

"ನನಗೆಲ್ಲಿ ಕೊಡ್ತಾಳಮ್ಮ," ಎಂದರು ಅತ್ತೆ.

ಸಿಸ್ಟರ್ ನಕ್ಕರು. "ಇಲ್ಲೇ ಒಂದ್ಸಲ ಕುಡಿಸಿ, ನೋಡ್ತೀನಿ."

ಹಸಿದ ಮಗು ದನಿ ತೆಗೆಯಿತು. ತಾಯಿ ಹಿಂಡಿ ತಂದಿದ್ದ ತನ್ನದೇ ಹಾಲಿನ ಮೆತ್ತನೆಯ ಬಾಟಲಿ ಪಕ್ಕದಲ್ಲಿತ್ತು. ಕೈ ಮಾತ್ರ ತಾನಾಗಿ ಅಂಗಿಯ ಗುಂಡಿಗೆ ಹೋಯಿತು, ಅಲ್ಲೇ ನಿಂತಿತು. ಸಿಸ್ಟರ್ ನೋಡಿಬಿಟ್ಟಿದ್ದರು.

"ಬಾಟಲಿಗೂ ಮುಂಚೆ ಎಷ್ಟು ಹೊತ್ತು ಎದೆಗೆ ಹಾಕ್ಕೋತೀರಿ?"

"ಹತ್ತು ನಿಮಿಷ." ಅತ್ತೆಯ ಕಡೆ ನೋಡದೆ ಸೇರಿಸಿದಳು, "ಕೆಲವು ಸಲ ಅರ್ಧ ಗಂಟೆ. ಅವನಿಗೆ ಹಾಲು ಸಿಗಲ್ಲ ಅಂತ ಗೊತ್ತು. ಆದ್ರೂ ಆಗ ನನ್ನ ಮುಖಾನೇ ನೋಡ್ತಾನೆ, ಸಿಸ್ಟರ್. ಬಾಟಲಿ ಹಿಡಿದ್ರೆ ಬಾಟಲೀನ ನೋಡ್ತಾನೆ. ಬಾಟಲಿ ಅರ್ಧ ಆಗೋದ್ರೊಳಗೆ ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಾನೆ ಗೊತ್ತಾ?"

ಸಿಸ್ಟರ್ ಗದರಲಿಲ್ಲ. ಅವಳ ಪಕ್ಕದಲ್ಲೇ ಕುಳಿತರು. "ಅಂಗುಳು ತೆರೆದಿದ್ರೆ ಎಷ್ಟು ಎಳೆದ್ರೂ ಬಾಯಿಗೆ ಬಿಗಿ ಬರಲ್ಲಮ್ಮ. ಇರೋ ಶಕ್ತಿಯೆಲ್ಲ ಅಲ್ಲೇ ಮುಗಿಸ್ತಾನೆ. ಅದು ಸುಸ್ತಿನ ನಿದ್ದೆ."

ಹೊಟ್ಟೆ ತುಂಬಿದ ನಿದ್ದೆಯೆಂದು ಅವಳು ದಿನಾ ದೇವರಿಗೆ ಕೈಮುಗಿದಿದ್ದಳು. ಉಳಿದ ಅರ್ಧ ಬಾಟಲಿ ಹಾಲನ್ನು ಅತ್ತೆಗೆ ಕಾಣದಂತೆ ಬಚ್ಚಲಿಗೆ ಚೆಲ್ಲಿದ್ದಳು.

ಅತ್ತೆ ಮಗುವಿನ ಗದ್ದದಡಿಗೆ ಬಟ್ಟೆ ಮಡಿಸಿಟ್ಟು, "ಮೊದಲು ಇದನ್ನ ಕುಡಿಸವ್ವ," ಎಂದು ಬಾಟಲಿ ಕೊಟ್ಟರು.

"ಮುಗಿದ್ಮೇಲೆ ಎದೆಗೆ ಹಾಕ್ಕೊಳ್ಳಿ," ಎಂದರು ಸಿಸ್ಟರ್. "ಬೇಡ ಅಂತ ಯಾರೂ ಅನ್ನಲ್ಲ."

ಚೀಪಿದಾಗ ಅದುಮಿ, ನುಂಗಿದಾಗ ಸಡಿಲಿಸಿ, ಇಪ್ಪತ್ತೈದು ನಿಮಿಷಕ್ಕೆ ಬಾಟಲಿ ಬರಿದಾಯಿತು. ಏಳು ವಾರದಲ್ಲಿ ಮೊದಲ ಸಲ. ಅವಳು ಆತುರದಿಂದ ಗುಂಡಿ ಬಿಚ್ಚಿ ಮಗುವನ್ನು ಎದೆಗೆ ತಂದಳು. ಹೊಟ್ಟೆ ತುಂಬಿದ ಮಗು ತುಟಿ ತಾಗಿಸಿ, ಮುಖ ತಿರುಗಿಸಿ, ಕಣ್ಣು ಮುಚ್ಚಿತು.

ಮುಂದಿನ ಗುರುವಾರ ಮುಳ್ಳು ಎರಡು ಗೆರೆ ದಾಟಿತು. "ನಳಿಗೆ ಬೇಡ," ಎಂದರು ಸಿಸ್ಟರ್. ಅತ್ತೆ ಕೈಮುಗಿದರು. ಅವಳೂ ಮುಗಿದಳು, ನಕ್ಕಳು ಕೂಡ. ಚೀಲದಿಂದ ಬಾಟಲಿ ತೆಗೆಯುತ್ತಲೇ ಮಗು ಕೈಕಾಲು ಬಡಿದು ಅದರ ಕಡೆ ಬಾಯಿ ತೆರೆಯಿತು. ಅವಳ ಎದೆಯನ್ನು ತಡಕುವುದನ್ನು ಅದು ಮೂರು ದಿನಗಳ ಹಿಂದೆಯೇ ಬಿಟ್ಟಿತ್ತು.